ಬಂಗಲೆಯ ನಾಯಿ, ಲೈನಿನ ನಾಯಿ

ಕೋಲಾರ ಸೀಮೆಯ ಹಳ್ಳಿಗಳಲ್ಲಿ ಮನೆಗೊಂದು ನಾಯಿಯನ್ನು ಆರಿಸಿ ತರುವ ಪದ್ಧತಿ ಬಹುಕಾಲದವರೆಗೆ ಇದ್ದುದಿಲ್ಲ. ಹುಲ್ಲಿನ ಮೆದೆಯ ಮಗ್ಗುಲಲ್ಲಿ ಬೀದಿನಾಯಿ ಹಾಕಿದ ಐದಾರು ಮರಿಗಳಲ್ಲಿ ಬದುಕಿ ಉಳಿದ ಒಂದೆರಡರ ಪೈಕಿ ಒಂದು, ಮನೆಯ ಹುಡುಗರ ಕಾಲಿಗೆ ಅಡ್ಡಡ್ಡ ಸುಳಿದು, ಮಿಕ್ಕ ಮುದ್ದೆಯ ತುಂಡಿಗೂ ಸಾರಿಗೂ ಒಗ್ಗಿಕೊಂಡು, ಜಗಲಿಯ ಕೆಳಗೆ ತನಗೊಂದು ಸ್ಥಾನವನ್ನು ಗೊತ್ತುಮಾಡಿಕೊಂಡು ಮಲಗಿತೆಂದರೆ, ಅದು ಆ ಮನೆಯ ನಾಯಿಯಾದಂತೆಯೇ. ಆಯ್ಕೆಯೆಂಬುದೇನಾದರೂ ಅಲ್ಲಿ ನಡೆದಿದ್ದರೆ ಅದು ನಾಯಿಯದು. ಮಕ್ಕಳನ್ನು ಕಚ್ಚುವ ನಾಯಿಯನ್ನು ಊರು ಬಹುದಿನ ಸಹಿಸುತ್ತಿರಲಿಲ್ಲವಾದ್ದರಿಂದ, ಉಳಿದು ಸಂತಾನ ಬೆಳೆಸಿದ್ದು ಹುಡುಗರ ಕೀಟಲೆಯನ್ನು ಸಹಿಸಿದ ನಾಯಿಯೇ. ಪುಸ್ತಕದಲ್ಲಿ ಹೆಸರಿಲ್ಲದ ಈ ತಳಿಯನ್ನು ತಲೆಮಾರುಗಳ ಈ ಜರಡಿಯೇ ರೂಪಿಸಿತೆನ್ನಬೇಕು. ಸೀತಿಬೆಟ್ಟದ ಭೈರವೇಶ್ವರನಿಗೆ ನಡೆದುಕೊಳ್ಳುವ ಒಕ್ಕಲುಗಳಿರುವ ಈ ನಾಡಿನಲ್ಲಿ ಭೈರವನ ವಾಹನವೆಂಬ ಗೌರವವೂ ಆ ಪ್ರಾಣಿಗೆ ಅಷ್ಟಿಷ್ಟು ಸಂದಿತ್ತು. ಅಡುಗೆಮನೆಯ ಹೊಸ್ತಿಲನ್ನು ದಾಟಲು ಬಿಡುತ್ತಿರಲಿಲ್ಲವೆಂಬುದು ಬೇರೆ ಮಾತು.

ಕನ್ನಡನಾಡಿನಲ್ಲಿ ನಾಯಿಯನ್ನು ಬೇಕೆಂದು ಕೇಳಿ ಪಡೆದವನ ದಾಖಲೆಯೊಂದು ಇಲ್ಲದೆ ಇಲ್ಲ. ಕ್ರಿ.ಶ. 949ರ ಸುಮಾರಿಗೆ ನಡೆದ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನು ಮಡಿದ ಮೇಲೆ, ಗಂಗ ಬೂತುಗನು ತನ್ನ ವೀರ ಮಣಲೇರನ ಪರಾಕ್ರಮವನ್ನು ಮೆಚ್ಚಿ, ಬೇಡಿದುದನ್ನು ಕೊಡುವೆನೆಂದಾಗ, ಆತನು ಬೇಡಿದುದು ಕಾಳಿಯೆಂಬ ಬೇಟೆನಾಯಿಯನ್ನು. ಆ ಕಾಳಿ ದೊಡ್ಡದೊಂದು ಹಂದಿಯೊಡನೆ ಹೋರಾಡಿ, ಹಂದಿಯೂ ತಾನೂ ಒಟ್ಟಿಗೆ ಸತ್ತುದನ್ನೂ, ಅದರ ನೆನಪಿಗೆ ಕಲ್ಲು ನಿಲ್ಲಿಸಿ ಪೂಜೆಗೆ ಭೂಮಿ ಬಿಟ್ಟುದನ್ನೂ ಆತಕೂರಿನ ಶಾಸನ ಹೇಳುತ್ತದೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬಂಗಾರಪೇಟೆಯಿಂದ ಮದರಾಸಿಗೆ ಹೋಗುವ ರೈಲು ಅರಕ್ಕೋಣವನ್ನು ಹಾಯುವಾಗ ತಕ್ಕೋಲದ ಆ ರಣಭೂಮಿ ಸಮೀಪದಲ್ಲಿಯೇ ಉಳಿಯುತ್ತದೆಂಬುದನ್ನು ನೆನೆಯುವ ಪ್ರಯಾಣಿಕರು ವಿರಳ. ಆದರೆ ಮಣಲೇರನು ಕಾಳಿಯನ್ನು ಬೇಡಿದುದು ಹಂದಿಬೇಟೆಗೆ, ಮಕ್ಕಳ ಒಡನಾಟಕ್ಕಲ್ಲ. ಮನೆಯ ಮಕ್ಕಳಿಗೆಂದು ತಳಿಯ ಹೆಸರು ಹಿಡಿದು ನಾಯಿ ತರುವ ಆಚಾರ ಈ ಪ್ರಾಂತಕ್ಕೆ ಬಂದುದು ಕೋಲಾರದ ಚಿನ್ನದ ಗಣಿಯೊಡನೆ.

ಮಾವೋರಿ ಯುದ್ಧಗಳಲ್ಲಿ ನ್ಯೂಜಿಲೆಂಡಿನಲ್ಲಿ ಸೇವೆಮಾಡಿ ಬಂದು ಬೆಂಗಳೂರಿನಲ್ಲಿ ನೆಲೆಸಿದ್ದ ಐರಿಷ್ ಸೈನಿಕ ಮೈಕೇಲ್ ಲಾವೆಲ್, 1802ರಲ್ಲಿ ಲೆಫ್ಟಿನೆಂಟ್ ವಾರೆನ್ ಕಂಡ ಚಿನ್ನದ ಕುರುಹುಗಳ ಜಾಡು ಹಿಡಿದು, ಗಣಿಯ ಹಕ್ಕನ್ನು ಕೋರಿ ಮೈಸೂರು ಸರ್ಕಾರಕ್ಕೆ ಅರ್ಜಿ ಸಲ್ಲಿಸಿದುದು 1873ರಲ್ಲಿ. ಅದೇ ವರ್ಷ ಲಂಡನ್ನಿನಲ್ಲಿ ಕೆಲವು ಮಂದಿ ಶ್ರೀಮಂತರು ಸೇರಿ ಕೆನಲ್ ಕ್ಲಬ್ಬನ್ನು ಸ್ಥಾಪಿಸಿ, ನಾಯಿಗಳ ವಂಶಾವಳಿಯನ್ನು ದಫ್ತರಕ್ಕೆ ಏರಿಸತೊಡಗಿದರು. ಎರಡು ಸಂಗತಿಗಳಿಗೂ ಸಂಬಂಧವಿಲ್ಲವಾದರೂ ಎರಡರ ಫಲವೂ ಇಲ್ಲಿ ಒಂದೇ ಬಂಗಲೆಯ ವರಾಂಡದಲ್ಲಿ ಕೂಡಿಕೊಂಡುವು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟ ಮೇಲೆ ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಗಣಿಗಳು ಬೆಳೆದುವು. ಮಾಜಿ ಕಮಿಷನರ್ ಬೌರಿಂಗನ ಹೆಸರನ್ನು ಹೊತ್ತಿದ್ದ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪದವರೆಗೆ 1894ರಲ್ಲಿ ರೈಲು ಹಾದಿ ಬಿತ್ತು. ಯಂತ್ರಗಳು, ಪಿಯಾನೋಗಳು, ಬಿಸ್ಕತ್ತಿನ ಡಬ್ಬಗಳು ಬಂದ ಹಾದಿಯಲ್ಲಿಯೇ ವಿಲಾಯಿತಿಯ ನಾಯಿಗಳೂ ಬಂದುವು. ಸಮುದ್ರಮಟ್ಟಕ್ಕೆ ಸುಮಾರು 2,800 ಅಡಿ ಎತ್ತರದ ಈ ಮೈದಾನದ ಹವೆ, ಮದರಾಸಿನ ಸೆಕೆಗೆ ಏದುಸಿರು ಬಿಡುವ ಶೀತದೇಶದ ಪ್ರಾಣಿಗಳಿಗೆ ತಕ್ಕಮಟ್ಟಿಗೆ ಹೊಂದುತ್ತಿತ್ತು.

ಆ ಕಾಲದ ಹಿಂದೂಸ್ಥಾನದಲ್ಲಿ ಆಂಗ್ಲರ ಅಚ್ಚುಮೆಚ್ಚಿನ ನಾಯಿಯೆಂದರೆ ಫಾಕ್ಸ್ ಟೆರಿಯರ್. ಕಿಪ್ಲಿಂಗನು ಲಾಹೋರಿನಲ್ಲಿ ಸಾಕಿದುದೂ ಅದನ್ನೇ. ಗಣಿಯ ಮೇಸ್ತ್ರಿಗಳಾಗಿ ಬಂದವರಲ್ಲಿ ಅನೇಕರು ಕಾರ್ನ್‌ವಾಲಿನವರು; ಅವರ ನೆರೆಯ ಡೆವನ್ ಪ್ರಾಂತದ ಜಾನ್ ರಸೆಲ್ ಎಂಬ ಪಾದ್ರಿಯೇ ಈ ವರ್ಗದ ಚಿಕ್ಕ ನಾಯಿಗಳನ್ನು ಪ್ರಸಿದ್ಧಿಗೆ ತಂದವನು. ಬಿಲವನ್ನು ಹೊಕ್ಕು ನರಿಯನ್ನು ಹೊರಗಟ್ಟುವುದು ಇದರ ಕುಲಕಸುಬು, ಡ್ಯಾಷ್‌ಹುಂಡಿನದು ಬ್ಯಾಡ್ಜರಿನ ಬಿಲ, ಸ್ಪಾನಿಯಲ್ಲಿನದು ಪೊದೆಯೊಳಗಿನ ಹಕ್ಕಿಯನ್ನು ಎಬ್ಬಿಸುವುದು. ತಳಿಯೆಂಬುದು ನಾಯಿಗೆ ಮನುಷ್ಯನು ಅಂಟಿಸಿದ ಕಸುಬೇ ಹೊರತು ಸ್ವಭಾವದ ಹೊಣೆಪತ್ರವಲ್ಲ; ಕಸುಬು ತಪ್ಪಿದರೂ ರಕ್ತದಲ್ಲಿ ಅದರ ಹವಣಿಕೆ ಉಳಿಯುತ್ತದೆ. ಇಲಿಯನ್ನು ಕಂಡೊಡನೆ ಕುತ್ತಿಗೆ ಹಿಡಿದು ಕೊಡವುವ ಟೆರಿಯರ್, 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆ ಯಾವ ಮನೆಗಾದರೂ ಬೇಕಾಗುವ ನಾಯಿಯಾಗಿತ್ತೆಂಬುದರಲ್ಲಿ ಸಂಶಯವಿಲ್ಲ. ಆದರೆ ಓಡುವುದನ್ನೆಲ್ಲ ಬೆನ್ನಟ್ಟುವ ಅದೇ ನಾಯಿ, ತೊಟ್ಟಿಲು ಬಿಟ್ಟು ಈಚೆಗೆ ಬಂದ ಕೂಸು ಬಾಲ ಹಿಡಿದು ಎಳೆದಾಗ ಚುರುಕಾಗಿಯೇ ತಿರುಗುತ್ತದೆ.

ಕಡಿತವೆಂದರೆ ಅಂದು ಇಂದಿನಂತಲ್ಲ. ಹುಚ್ಚುನಾಯಿಯ ವಿಷಕ್ಕೆ ಪಾಶ್ಚರನ ಮದ್ದು ಸಿಗುವ ಸಂಸ್ಥೆ 1900ರಲ್ಲಿ ಹಿಮಾಲಯದ ಕಸೌಲಿಯಲ್ಲಿಯೂ, 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿಯೂ ತೆರೆಯಿತು. ಗಣಿಯ ಊರಿನಲ್ಲಿ ಕಚ್ಚಿಸಿಕೊಂಡ ಮಗುವನ್ನು ಬೌರಿಂಗ್‌ಪೇಟೆಗೆ ತಂದು, ಅಲ್ಲಿಂದ ಜೋಲಾರಪೇಟೆ, ಸೇಲಂ, ಈರೋಡು ದಾಟಿಸಿ, ಮೆಟ್ಟುಪಾಳ್ಯದಲ್ಲಿ ಬೆಟ್ಟದ ರೈಲಿಗೆ ಹತ್ತಿಸಿ ಕೂನೂರು ಮುಟ್ಟಿಸುವಷ್ಟರಲ್ಲಿ, ಹೆತ್ತವರು ದಾರಿಯುದ್ದಕ್ಕೂ ಹರಕೆ ಹೊರುವುದೊಂದೇ ಉಳಿದಿದ್ದ ಉಪಾಯ. ಮುಂದೆ ಕಸೌಲಿಯ ಡೇವಿಡ್ ಸೆಂಪಲ್ 1911ರಲ್ಲಿ ಸಿದ್ಧಪಡಿಸಿದ ಲಸಿಕೆ ಊರೂರಿನ ಆಸ್ಪತ್ರೆಗಳಿಗೆ ಬಂದಿತಾದರೂ, ಕುರಿಯ ಮಿದುಳಿನಿಂದ ಮಾಡಿದ ಆ ಮದ್ದನ್ನು ಹೊಟ್ಟೆಗೆ 14 ಸಲ ಚುಚ್ಚಿಸಿಕೊಳ್ಳಬೇಕಾಗಿತ್ತು. ಇತ್ತೀಚಿನವರೆಗೂ ತಾಯಂದಿರು ಬೀದಿಗೆ ಇಳಿಯುವ ಹುಡುಗರನ್ನು ಹೆದರಿಸುತ್ತಿದ್ದುದು ನಾಯಿಯ ಹಲ್ಲಿನಿಂದಲ್ಲ, ಹೊಕ್ಕಳ ಸುತ್ತಿನ ಆ ಸೂಜಿಗಳಿಂದ. ತಳಿ ಯಾವುದಾದರೂ ಮೊದಲು ನೋಡಬೇಕಾದುದು ಲಸಿಕೆ ಎಂಬ ತಿಳಿವಳಿಕೆ ಮನೆಗಳಿಗೆ ಬಂದುದು ಈ ಭಯದ ಮೂಲಕವೇ.

ಬಂಗಲೆಯ ಕಾಂಪೌಂಡಿನಿಂದ ಕೂಗಳತೆಯಲ್ಲಿಯೇ ಕಾರ್ಮಿಕರ ಲೈನುಗಳು. ಉತ್ತರ ಆರ್ಕಾಟು, ಸೇಲಂ, ಚಿತ್ತೂರುಗಳಿಂದ ಬಂದ ಸಾವಿರಾರು ಕುಟುಂಬಗಳು ಒಂದೊಂದೇ ಕೋಣೆಯ ಬಿದಿರುತಟ್ಟಿಯ ಮನೆಗಳಲ್ಲಿ ಒತ್ತೊತ್ತಾಗಿ ಬಾಳಿದುವು. ಗಣಿಗೆ ಕೂಲಿಯವನನ್ನು ಕಸುಬಿಗಾಗಿ ತಂದಂತೆ ನಾಯಿಯನ್ನೂ ಕಸುಬಿಗಾಗಿ ತಂದುದು ಬಂಗಲೆ. ಲೈನಿನ ನಾಯಿಯನ್ನಾದರೋ ಯಾರೂ ತಂದುದಲ್ಲ. ಮಣಿ, ಕರಿಯ, ಟೈಗರ್ ಎಂಬ ಹೆಸರಿನ ಕಂದು ಬಣ್ಣದ ಕಂತ್ರಿ ನಾಯಿಗಳು ಒಂದು ಮನೆಯವಲ್ಲ, ಸಾಲು ಮನೆಗಳವು. ಶಿಫ್ಟಿನ ಕೂಗು ಮೊಳಗಿದಾಗ ಬೀದಿಯ ತುದಿಗೆ ಹೋಗಿ ನಿಲ್ಲುವಂಥವು, ಚಿನ್ನ ತೆಗೆದು ಉಳಿದ ಮಣ್ಣಿನ ಸೈನೈಡ್ ದಿಣ್ಣೆಗಳ ಮೇಲೆ ಜಾರಿ ಆಡುವ ಹುಡುಗರ ಹಿಂದೆಯೇ ಜಾರುವಂಥವು. ಬಂಗಲೆಯ ಮಕ್ಕಳು ಏಳೆಂಟು ವರ್ಷಕ್ಕೆ ವಿದ್ಯಾಭ್ಯಾಸಕ್ಕೆಂದು ಸಮುದ್ರದಾಚೆಗೆ ಹೊರಟರೆ ನಾಯಿ ಬಟ್ಲರನ ಪಾಲಾಗುತ್ತಿತ್ತು. ಮಕ್ಕಳಿಗೆಂದು ತಂದ ನಾಯಿಗಿಂತ ತಾನಾಗಿ ಬಂದ ನಾಯಿಗೆ ಮಕ್ಕಳ ಸಹವಾಸ ಹೆಚ್ಚು ದೊರೆಯಿತೆಂದು ನಾನು ತಿಳಿದಿದ್ದೇನೆ.

1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶವಾಗಿ, 1962ರಲ್ಲಿ ಕೇಂದ್ರಕ್ಕೆ ಸೇರಿ, 1964ರಲ್ಲಿ ಹುಟ್ಟಿದ, ಭಾರಿ ಯಂತ್ರಗಳ ಬೆಮೆಲ್ ಕಂಪನಿ ಇಲ್ಲಿ ಕಾರ್ಖಾನೆ ತೆರೆದ ಮೇಲೆ, ಬಂಗಲೆಗೂ ಲೈನಿಗೂ ನಡುವಣ ಕ್ವಾರ್ಟರ್ಸಿನ ಜೀವನವೊಂದು ಬೆಳೆಯಿತು. ಇದರ ನಾಯಿ ಪಮೇರಿಯನ್ ಎಂದು ಎಲ್ಲರೂ ಕರೆಯುವ, ವಾಸ್ತವವಾಗಿ ಈ ದೇಶದಲ್ಲಿಯೇ ಬೆಳೆಸಿದ ಬಿಳಿಯ ಸ್ಪಿಟ್ಜ್. ಮೊಸರನ್ನಕ್ಕೆ ಒಗ್ಗುವುದು, ಎರಡು ಕೋಣೆಯಲ್ಲಿ ಹಿಡಿಯುವುದು, ಅಪರಿಚಿತನನ್ನು ಗೇಟಿನಲ್ಲಿಯೇ ಬೊಗಳಿ ತಡೆಯುವುದು ಇವು ಅದರ ಗುಣಗಳು. ಸಿಡುಕು, ತಟ್ಟೆಯ ಬಳಿ ಕೈಹಾಕಿದ ಮಗುವನ್ನು ಹೆದರಿಸುವುದು ದೋಷಗಳು. ಅಲ್ಸೇಷಿಯನ್ನನ್ನು ತಂದವರು ಗತ್ತಿಗಾಗಿ ತಂದರು. ಲ್ಯಾಬ್ರಡಾರ್ ಬಂದುದು ತಡವಾಗಿ. ನ್ಯೂಫೌಂಡ್‌ಲೆಂಡಿನ ಬೆಸ್ತರ ಬಲೆಯೆಳೆದ ವಂಶದ, ಹೊಡೆದ ಹಕ್ಕಿಯನ್ನು ಹಲ್ಲು ನಾಟದಂತೆ ಕಚ್ಚಿ ತರಲು ಬೆಳೆಸಿದ ಈ ನಾಯಿಯ ಮೃದುವಾದ ಬಾಯಿ ಮಕ್ಕಳಿರುವ ಮನೆಗೆ ವರವೇ ಸರಿ, ಆದರೆ ದಿನವೂ ಓಡಿಸದಿದ್ದರೆ ಅದು ಕೊಬ್ಬಿ ಕುರ್ಚಿಯ ಕಾಲುಗಳನ್ನು ಅಗಿಯುವುದೂ ಅಷ್ಟೇ ಖಂಡಿತ.

ಪ್ರಾಣಿಯನ್ನು ಬಲ್ಲವರು ತಳಿಯ ಹೆಸರಿಗೆ ಬೆರಗಾಗುವುದಿಲ್ಲ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ನಮ್ಮ ಗಾದೆಯನ್ನು ಅನುಸರಿಸಿ ಅವರು ಮೊದಲು ತಾಯಿನಾಯಿಯ ಬಳಿ ಕುಳಿತುಕೊಳ್ಳುತ್ತಾರೆ. ಅಪರಿಚಿತನ ಕೈ ಮರಿಗಳತ್ತ ಚಾಚಿದಾಗ ಅದು ಮೂಸಿ ಸುಮ್ಮನಾಗುವುದೋ ತುಟಿಯೆತ್ತುವುದೋ ನೋಡುತ್ತಾರೆ. ಬಳಿಕ ಮರಿಯನ್ನು ಅಂಗಾತ ಮಲಗಿಸಿ ಎದೆಯ ಮೇಲೆ ಮೆಲ್ಲಗೆ ಕೈಯಿಟ್ಟು ಹಿಡಿಯುವುದು: ತುಸು ಒದ್ದಾಡಿ ತಣ್ಣಗಾಗುವ ಮರಿ ಮಕ್ಕಳಿಗೆ ಹಿತ, ಕೊನೆಯವರೆಗೂ ಕಚ್ಚಲು ಹವಣಿಸುವುದು ಬೇಡ, ಮುದುರಿ ನಡುಗುವುದು ಸಹ ಬೇಡ, ಏಕೆಂದರೆ ಅಂಜುಬುರುಕ ನಾಯಿಯೇ ಮೊದಲು ಕಚ್ಚುವುದು. ಚಪ್ಪಾಳೆ ತಟ್ಟಿದಾಗ ಬೆಚ್ಚಿ ಮರಳಿ ಬರುವುದು ಒಳ್ಳೆಯ ಲಕ್ಷಣ. ಉಬ್ಬಿದ ಹೊಟ್ಟೆಯಿದ್ದರೆ ಜಂತುಹುಳು, ಬಿಳಿಚಿದ ವಸಡಿದ್ದರೆ ರಕ್ತ ಕಡಿಮೆ. ಕಿವಿಯ ಮಡಿಕೆಯಲ್ಲಿಯೂ ಬೆರಳ ಸಂದಿಯಲ್ಲಿಯೂ ಉಣ್ಣೆ ಇದೆಯೇ ಎಂದು ಬಿಡಿಸಿ ನೋಡಬೇಕು. ಎರಡು ತಿಂಗಳೂ ತುಂಬದೆ ತಾಯಿಯಿಂದ ಬೇರೆಯಾದ ಮರಿ ಒಡಹುಟ್ಟುಗಳೊಡನೆ ಕಚ್ಚಾಡಿ, ಎಷ್ಟು ಕಚ್ಚಿದರೆ ನೋವೆಂಬುದನ್ನು ಕಲಿತಿರುವುದಿಲ್ಲ. ಆ ಪಾಠವನ್ನು ಮನೆಯ ಮಕ್ಕಳ ಕೈಯ ಮೇಲೆ ಕಲಿಯುತ್ತದೆ.

ಸ್ವದೇಶಾಭಿಮಾನಿಗಳಾದ ಕೆಲವರು ಮುಧೋಳದ ನಾಯಿಯನ್ನೇ ತರುವುದುಂಟು. ಘೋರ್ಪಡೆ ಅರಸರ ಆಶ್ರಯದಲ್ಲಿ ಹೆಸರಾದ, 2005ರಲ್ಲಿ ಅಂಚೆಚೀಟಿಯನ್ನೇರಿದ, ಬಾಣದಂತೆ ನೀಳವಾದ ಈ ಬೇಟೆನಾಯಿ ನಿಷ್ಠೆಯಲ್ಲಿ ಯಾವುದಕ್ಕೂ ಕಡಿಮೆಯಲ್ಲ. ಎಳವೆಯಿಂದ ಮಕ್ಕಳೊಡನೆ ಬೆಳೆದರೆ ಮಕ್ಕಳನ್ನು ಬಿಟ್ಟಿರದು. ಆದರೆ ಬಯಲಿಗಾಗಿ ಹುಟ್ಟಿದ ಕಾಲುಗಳನ್ನು ಗಣಿಯ ಊರಿನ ಆಂಡರ್ಸನ್‌ಪೇಟೆಯ ಓಣಿಯಲ್ಲಿ ಸರಪಣಿಗೆ ಬಿಗಿದಿಟ್ಟು ಶಾಂತಸ್ವಭಾವವನ್ನು ನಿರೀಕ್ಷಿಸುವುದು ಅನ್ಯಾಯ. ಇನ್ನು ರಾಟ್‌ವೀಲರ್, ಪಿಟ್‌ಬುಲ್ ಮೊದಲಾದ 23 ತಳಿಗಳನ್ನು ನಿಷೇಧಿಸಬೇಕೆಂದು 2024ರ ಮಾರ್ಚಿನಲ್ಲಿ ಕೇಂದ್ರವು ರಾಜ್ಯಗಳಿಗೆ ಬರೆದ ಸುತ್ತೋಲೆಯನ್ನು, ಸಂಬಂಧಪಟ್ಟವರ ಅಭಿಪ್ರಾಯವನ್ನು ಕೇಳಲಿಲ್ಲವೆಂಬ ಕಾರಣದಿಂದ ಕರ್ನಾಟಕ ಉಚ್ಚ ನ್ಯಾಯಾಲಯವು ಏಪ್ರಿಲಿನಲ್ಲಿ ರದ್ದುಪಡಿಸಿತು. ಕಾನೂನು ಏನೇ ಇರಲಿ, ಕೂಸುಗಳಿರುವ ಮನೆಗೆ ಅಂಥದನ್ನು ತರುವ ತಂದೆಗೆ ಧೈರ್ಯಕ್ಕಿಂತ ಜಂಬ ಹೆಚ್ಚೆಂದೇ ನಾನು ಹೇಳುವೆನು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಊರಿನ ದಿನಚರಿಯೇ ಬೇರೆಯಾಯಿತು. ದುಡಿಯುವವರೆಲ್ಲ ನಸುಕಿನಲ್ಲಿ ಮಾರಿಕುಪ್ಪದಿಂದ ಹೊರಡುವ ರೈಲಿನಲ್ಲಿ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗಿ, ಕತ್ತಲಾದ ಮೇಲೆ ಹಿಂತಿರುಗುತ್ತಾರೆ. ಇಡೀ ಹಗಲು ಮನೆಯಲ್ಲಿರುವವರು ಅಜ್ಜಿಯೂ ಮೊಮ್ಮಕ್ಕಳೂ. ಮಗ ಸೊಸೆ ಬೆಂಗಳೂರಿನ ಅಂಗಡಿಯಿಂದ ಬುಟ್ಟಿಯಲ್ಲಿ ಮರಿ ತಂದಿಟ್ಟು ಮರುದಿನ ರೈಲು ಹತ್ತಿದರೆ, ಅದಕ್ಕೆ ಅನ್ನ ಹಾಕುವವಳು, ಹೊರಗೆ ಕರೆದೊಯ್ಯುವವಳು, ಮಗುವಿನ ಕೈಯಿಂದ ಅದರ ಬಾಲವನ್ನು ಬಿಡಿಸುವವಳು ಅಜ್ಜಿಯೇ. ಮೂವತ್ತು ಕಿಲೋ ತೂಗುವ ಲ್ಯಾಬ್ರಡಾರ್ ಬೀದಿಯಲ್ಲಿ ಬೆಕ್ಕನ್ನು ಕಂಡು ಜಗ್ಗಿದರೆ ಮಂಡಿನೋವಿನ ಆಕೆ ಹಗ್ಗ ಹಿಡಿದು ನಿಲ್ಲಬಲ್ಲಳೇ ಎಂಬುದನ್ನು ತಳಿಯ ಹೆಸರು ಗೊತ್ತುಮಾಡುವ ಮೊದಲು ಕೇಳುವ ಮನೆಗಳು ಈಚೆಗೆ ಅಲ್ಲಲ್ಲಿ ಕಾಣುತ್ತಿವೆ. ಅಂಥ ಮನೆಗಳಲ್ಲಿ ಕೊನೆಗೆ ಉಳಿಯುವುದು ಬಹುಮಟ್ಟಿಗೆ ಬೀದಿಯಿಂದ ಬಂದ ಒಂದು ಹೆಣ್ಣುಮರಿ, ಲಸಿಕೆ ಹಾಕಿಸಿದ್ದು, ಅಜ್ಜಿಯೇ ಹೆಸರಿಟ್ಟದ್ದು.