ಹಳೆಯ ಬಾಣಕ್ಕೆ ಹೊಸ ಬಿದಿರು

ಕೋಲಾರ ಸೀಮೆಯ ಬೂದಿಕೋಟೆ ಹೈದರಾಲಿಯ ಜನ್ಮಸ್ಥಳ. ಅವನ ಸೇನೆಯ ಬಾಣಗಳೆಂದರೆ ಬಿಲ್ಲಿಗೆ ಹೂಡುವಂಥವಲ್ಲ. ಮದ್ದು ತುಂಬಿದ ಕಬ್ಬಿಣದ ಕೊಳವೆಗೆ ಉದ್ದನೆಯ ಬಿದಿರು ಕಟ್ಟಿದ ಅಗ್ನಿಬಾಣಗಳು. ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯಲ್ಲಿ 2018ರಲ್ಲಿ ಇಂಥ ಸಾವಿರಕ್ಕೂ ಮಿಕ್ಕಿ ಕೊಳವೆಗಳು ದೊರೆತವು. ಉದ್ದ 23ರಿಂದ 26 ಸೆಂಟಿಮೀಟರು. ಕಬ್ಬಿಣ ಉಳಿದಿತ್ತು, ಬಿದಿರು ಇರಲಿಲ್ಲ.

ಬಾಣ ದಿಕ್ಕು ತಪ್ಪದಂತೆ ಕಾಯುವುದು ಬಿದಿರೇ. ಅದಿಲ್ಲದ ಕಾರಣ, 2002ರಲ್ಲಿ ಸಿಕ್ಕಿದ್ದ ಕೊಳವೆಗಳನ್ನು ಕೆಲಕಾಲ ಬರಿಯ ಗುಂಡುಗಳೆಂದೇ ಎಣಿಸಿದ್ದರು. ಹಾಗಾದರೆ ಪ್ರದರ್ಶನಕ್ಕೆ ಹೊಸ ಬಿದಿರು ಕಟ್ಟಬಹುದೆ?

ಎರಡನೆಯ ಮಹಾಯುದ್ಧದ ಲೀ-ಎನ್‌ಫೀಲ್ಡ್ ಗುರಿಕಾರ ಬಂದೂಕುಗಳನ್ನು ಸಂಗ್ರಹಿಸುವವರಿಗೂ ಇದೇ ತೊಡಕು. ಅದರ ದುರ್ಬೀನಿನ ಸಂಖ್ಯೆಯನ್ನು ಬಂದೂಕಿನ ಹಿಡಿಯ ಮರದಲ್ಲಿ ಒತ್ತುತ್ತಿದ್ದರು. ಬೇರೊಂದನ್ನು ಕೂರಿಸಿದರೆ ಆ ಮರವೇ ಸಾಕ್ಷಿ ನುಡಿಯುತ್ತದೆ. ನಮ್ಮ ಬಾಣಕ್ಕೆ ಅಂಥ ಸಾಕ್ಷಿಯಿಲ್ಲ.

ನನ್ನ ಮಟ್ಟಿಗೆ ಹೇಳುವುದಾದರೆ, ಹೊಸ ಬಿದಿರನ್ನು ಹೊಸ ಕೊಳವೆಗೇ ಕಟ್ಟಿ, ‘ಪ್ರತಿಕೃತಿ’ ಎಂದು ಬರೆದು ಪಕ್ಕದಲ್ಲಿಡಲಿ. ನನ್ನ ತರಗತಿಯ ಹುಡುಗರಿಗೆ ಬೇಕಾದದ್ದೂ ಅದೇ. ಅವರು ಕೈಯಲ್ಲಿ ಹಿಡಿಯದೆ ಏನನ್ನೂ ನಂಬುವವರಲ್ಲ. ತುಕ್ಕು ಹಿಡಿದ ಮೂಲ ಕೊಳವೆ ಮಾತ್ರ ಬರಿದಾಗಿಯೇ ಇರಲಿ. ಅದರ ಕಬ್ಬಿಣವನ್ನೂ ಒಳಗಿನ ಮದ್ದನ್ನೂ ಮುಂದೆ ಪರೀಕ್ಷಿಸುವವರು ಬಂದಾರು. ಆಗ ಅವರಿಗೆ ನಾವು ಬಳಿದ ಅಂಟು ಸಿಕ್ಕಬಾರದು.