ಹೆಗಲು ಮುಟ್ಟಿಕೊಂಡವನೆಲ್ಲ ಕಳ್ಳನೆ?

ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಕದ್ದ ಬೂದುಗುಂಬಳವನ್ನು ಹೆಗಲ ಮೇಲೆ ಹೊತ್ತವನು, ಅದರ ಬೂದಿ ಇನ್ನೂ ಅಂಟಿಕೊಂಡಿದೆಯೋ ಏನೋ ಎಂದು ಅಂಜಿ ತಡವಿಕೊಂಡ, ಸಿಕ್ಕಿಬಿದ್ದ. ಗಾದೆ ಕಟ್ಟಿದವರ ಜಾಣ್ಮೆಗೆ ತಲೆದೂಗಲೇಬೇಕು. ಆದರೆ ಒಂದು ಸಂದೇಹ ಉಳಿಯುತ್ತದೆ. ಅದೇ ಗುಂಪಿನಲ್ಲಿ, ಹೆಗಲ ಮೇಲೆ ನೊಣ ಕೂತಿತೆಂದು ಕೈಯೆತ್ತಿದ ಬಡಪಾಯಿಯೊಬ್ಬನಿದ್ದರೆ ಅವನ ಗತಿಯೇನು? ಗಾದೆ ಇದಕ್ಕೆ ಉತ್ತರ ಕೊಡುವುದಿಲ್ಲ. ಶಾಲೆಗಳಲ್ಲಿಯೂ ಪರೀಕ್ಷೆಯ ಕೊಠಡಿಗಳಲ್ಲಿಯೂ ಯಂತ್ರದ ಕಣ್ಣು ಮಕ್ಕಳ ಕತ್ತು, ಕಣ್ಣು, ಕೈಗಳನ್ನು ಕಾಯತೊಡಗಿರುವ ಈ ದಿನಗಳಲ್ಲಿ ಉತ್ತರವನ್ನು ನಾವೇ ಹುಡುಕಬೇಕಾಗಿದೆ.

ನಿರಪರಾಧಿಯ ಮೇಲೆ ಅಪವಾದ ಬೀಳುವುದು ಹೊಸ ಸಂಗತಿಯೇನಲ್ಲ. ಮಹಾಭಾರತದ ಆದಿಪರ್ವದಲ್ಲಿ ಮಾಂಡವ್ಯ ಮುನಿಯ ಕಥೆಯಿದೆ. ಅವನು ಮೌನವ್ರತದಲ್ಲಿ ನಿಂತಿದ್ದಾಗ ಕಳ್ಳರು ಕದ್ದ ಒಡವೆಯನ್ನು ಅವನ ಆಶ್ರಮದಲ್ಲಿ ಬಚ್ಚಿಟ್ಟು ಅಡಗಿಕೊಂಡರು. ರಾಜಭಟರು ಕೇಳಿದರು, ಮುನಿ ಮಾತಾಡಲಿಲ್ಲ. ಮಾತಾಡದವನು ತಪ್ಪಿತಸ್ಥನೆಂದು ಬಗೆದು, ಅವನನ್ನೂ ಕಳ್ಳರ ಜೊತೆಗೆ ಶೂಲಕ್ಕೇರಿಸಿದರು. ಆಮೇಲೆ ಅರಸ ಬಂದು ಕ್ಷಮೆ ಬೇಡಿದನಾದರೂ ಶೂಲದ ತುದಿ ಮುನಿಯ ಮೈಯಲ್ಲಿಯೇ ಉಳಿದುಹೋಯಿತು. ಅದರಿಂದಲೇ ಅವನು ಆಣಿಮಾಂಡವ್ಯನಾದ. ಕಥೆಯ ಕೊನೆಯನ್ನು ಮರೆಯಬಾರದು. ಬಾಲ್ಯದಲ್ಲಿ ಕೀಟಗಳಿಗೆ ಹುಲ್ಲುಕಡ್ಡಿ ಚುಚ್ಚಿದ್ದರ ಫಲವಿದು ಎಂದು ಧರ್ಮದೇವತೆ ಹೇಳಿದಾಗ ಮುನಿ ಸಿಟ್ಟಾಗಿ, ಹದಿನಾಲ್ಕು ವರ್ಷದವರೆಗೆ ಮಕ್ಕಳು ಮಾಡಿದ್ದು ಪಾಪವಾಗಕೂಡದೆಂದು ಕಟ್ಟಳೆ ಮಾಡಿದನು. ತಪ್ಪು ಆಪಾದನೆಯ ನೋವುಂಡವನ ಬಾಯಿಂದಲೇ ಮಕ್ಕಳಿಗೆ ರಕ್ಷೆ ದೊರೆತದ್ದು ಅರ್ಥಪೂರ್ಣವಾಗಿದೆ. ಕಳ್ಳನಲ್ಲದವನೂ ಕಳ್ಳನೆನಿಸಬಹುದೆಂಬುದಕ್ಕೆ ಮುಂದೆ ಧರ್ಮಶಾಸ್ತ್ರಕಾರರು ಮಾಂಡವ್ಯನನ್ನೇ ಸಾಕ್ಷಿ ಕರೆದರು.

ಇನ್ನು ಹೆಗಲು ಮುಟ್ಟಿಕೊಂಡವನ ಪ್ರಶ್ನೆಗೆ ನೇರವಾದ ಉತ್ತರ ದೊರೆಯುವುದು ನಮ್ಮ ನೆಲದಲ್ಲಿಯೇ. ಯಾಜ್ಞವಲ್ಕ್ಯ ಸ್ಮೃತಿಯ ವ್ಯವಹಾರಾಧ್ಯಾಯ ದುಷ್ಟನ ಲಕ್ಷಣಗಳನ್ನು ಪಟ್ಟಿ ಮಾಡುತ್ತದೆ: ನಿಂತಲ್ಲಿ ನಿಲ್ಲದಿರುವುದು, ತುಟಿಯಂಚು ನೆಕ್ಕುವುದು, ಹಣೆ ಬೆವರುವುದು, ಮುಖದ ಬಣ್ಣಗೆಡುವುದು, ಮಾತು ತೊದಲುವುದು. ಇಂದಿನ ಯಂತ್ರಗಳು ಹುಡುಕುವುದೂ ಹೆಚ್ಚು ಕಡಿಮೆ ಇಂಥವನ್ನೇ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಎಂದರೆ ೧೦೭೬ರಿಂದ ೧೧೨೬ರ ನಡುವೆ, ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಈ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದನು. ಆಸ್ತಿ ಹಂಚಿಕೆಯ ಮೊಕದ್ದಮೆಗಳಿಂದಾಗಿ ಆ ಗ್ರಂಥದ ಹೆಸರು ಭಾರತದ ಕೋರ್ಟುಗಳಲ್ಲೆಲ್ಲ ಕೇಳಿಬಂದಿದೆ. ಆದರೆ ಈ ಪಟ್ಟಿಯ ಮೇಲೆ ಅವನು ಬರೆದ ಮಾತುಗಳು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಅವನ ಅಭಿಪ್ರಾಯದ ಸಾರವಿಷ್ಟು: ಈ ಚಿಹ್ನೆಗಳಿಂದ ದೋಷವಿರಬಹುದೆಂಬ ಸಂಭಾವನೆ ಮಾತ್ರ ಹುಟ್ಟುತ್ತದೆ, ನಿಶ್ಚಯ ಹುಟ್ಟುವುದಿಲ್ಲ; ಯಾವ ವಿಕಾರ ಸ್ವಾಭಾವಿಕ, ಯಾವುದು ಕಾರಣದಿಂದ ಬಂದದ್ದು ಎಂದು ಬೇರ್ಪಡಿಸಿ ತಿಳಿಯುವುದು ಬಲು ಕಷ್ಟ. ಸಾವಿನ ಲಕ್ಷಣ ಕಂಡಿತೆಂದು ಬದುಕಿರುವವನಿಗೆ ಉತ್ತರಕ್ರಿಯೆ ಮಾಡುವವರುಂಟೆ ಎಂಬರ್ಥದ ಮಾತನ್ನೂ ಅವನು ಸೇರಿಸುತ್ತಾನೆ. ಒಂಬೈನೂರು ವರ್ಷಗಳ ಹಿಂದಿನ ಈ ವಿವೇಕವನ್ನು ಕೈಯಲ್ಲಿ ಹಿಡಿದುಕೊಂಡು ನಮ್ಮ ಕಾಲಕ್ಕೆ ಬರೋಣ.

ಪರೀಕ್ಷೆಗೂ ಪಹರೆಗೂ ಹಳೆಯ ನಂಟು. ೧೯೦೫ರಲ್ಲಿ ರದ್ದಾದ ಚೀನದ ರಾಜಸೇವಾ ಪರೀಕ್ಷೆಗಳಲ್ಲಿ ಅಭ್ಯರ್ಥಿಗಳ ಮೈ ತಡಕಿ, ಒಬ್ಬೊಬ್ಬರನ್ನು ಒಂದೊಂದು ಗೂಡಿನಲ್ಲಿ ಕೂರಿಸುತ್ತಿದ್ದರು. ಜೊತೆಗೆ ಇನ್ನೊಂದು ಏರ್ಪಾಡೂ ಇತ್ತು. ಸೋಂಗ್ ಅರಸರ ಕಾಲದಿಂದ ಉತ್ತರಪತ್ರಿಕೆಯ ಮೇಲಿನ ಹೆಸರನ್ನು ಮುಚ್ಚಿ, ಗುಮಾಸ್ತರಿಂದ ಅದನ್ನು ನಕಲು ಮಾಡಿಸಿ, ಬರೆದವನ ಕೈಬರಹ ಪರೀಕ್ಷಕನಿಗೆ ತಿಳಿಯದಂತೆ ಮಾಡುತ್ತಿದ್ದರು. ಕಾವಲು ಎರಡು ಕಡೆಗೂ ಇತ್ತು. ಅಧಿಕಾರದ ಪಕ್ಷಪಾತದಿಂದ ವಿದ್ಯಾರ್ಥಿಯನ್ನೂ ಅದು ಕಾಯುತ್ತಿತ್ತು. ಈ ಎರಡನೆಯ ಕಾವಲನ್ನು ನಾವು ಮರೆಯುತ್ತಿದ್ದೇವೆಯೇ?

ನಮ್ಮ ರಾಜ್ಯದಲ್ಲಿ ೨೦೨೪ರ ಮಾರ್ಚ್ ೨೫ರಿಂದ ಏಪ್ರಿಲ್ ೬ರವರೆಗೆ ನಡೆದ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್ ವ್ಯವಸ್ಥೆ ಬಂತು. ಕೊಠಡಿಗಳಲ್ಲಿ ಕ್ಯಾಮೆರಾ, ದೂರದಲ್ಲಿ ಕುಳಿತು ನೋಡುವ ಅಧಿಕಾರಿಗಳು. ೨೦೨೩ರಲ್ಲಿ ಶೇ. ೮೩.೮೯ ಇದ್ದ ಫಲಿತಾಂಶ, ಕೃಪಾಂಕದ ನಿಯಮವನ್ನು ಸಡಿಲಿಸಿದ ಮೇಲೆಯೂ, ಶೇ. ೭೩.೪೦ಕ್ಕೆ ಇಳಿಯಿತು. ೮,೫೯,೯೬೭ ಮಕ್ಕಳಲ್ಲಿ ೬,೩೧,೨೦೪ ಮಂದಿ ತೇರ್ಗಡೆಯಾದರು. ಇದರಲ್ಲಿ ಎಲ್ಲಕ್ಕಿಂತ ದೊಡ್ಡ ಪೆಟ್ಟು ತಿಂದವುಗಳಲ್ಲಿ ನಮ್ಮ ಚಿತ್ರದುರ್ಗ ಒಂದು. ೨೦೨೩ರಲ್ಲಿ ಶೇ. ೯೬.೮೦ ಪಡೆದು ರಾಜ್ಯಕ್ಕೇ ಮೊದಲಾಗಿದ್ದ ಜಿಲ್ಲೆ, ಮರುವರ್ಷ ಶೇ. ೭೨.೮೫ರೊಡನೆ ಇಪ್ಪತ್ತೊಂದನೆಯ ಸ್ಥಾನದಲ್ಲಿತ್ತು.

ಅಂಕಿಗಳನ್ನು ಕಂಡೊಡನೆ ಹಿಂದಿನದೆಲ್ಲ ನಕಲು ಎಂದುಬಿಡುವುದು ಸುಲಭ. ನಕಲು ಎಲ್ಲಿಯೂ ಇರಲಿಲ್ಲವೆಂದು ಹೇಳುವಷ್ಟು ಮುಗ್ಧರು ನಾವು ಅಧ್ಯಾಪಕರಲ್ಲ. ಆದರೆ ಜಿಲ್ಲೆಯ ಸರಾಸರಿಯನ್ನು ನೋಡಿ ಜಿಲ್ಲೆಯ ಪ್ರತಿಯೊಂದು ಮಗುವಿಗೂ ಕಳ್ಳನ ಪಟ್ಟ ಕಟ್ಟುವುದು ಯಾವ ನ್ಯಾಯ? ಹಿರಿಯೂರು ತಾಲ್ಲೂಕಿನ ಆದಿವಾಲದಂಥ ಊರಿನಲ್ಲಿ, ಹೊಲದ ಕೆಲಸವನ್ನೂ ಮಾಡಿ, ರಾತ್ರಿ ಓದಿ, ೨೦೨೩ರಲ್ಲಿ ತೇರ್ಗಡೆಯಾದ ಹುಡುಗಿಯ ಶ್ರಮಕ್ಕೆ ಈ ಮಾತಿನಿಂದ ಮಸಿ ಬಳಿದಂತಾಯಿತಲ್ಲವೆ? ೨೦೨೪ರಲ್ಲಿ ಸೋತವರಿಗೂ ಅವರದೇ ಕಾರಣಗಳಿದ್ದಿರಬಹುದು. ಆ ತಂಡದ ಮಕ್ಕಳು ಕೋವಿಡ್ಡಿನಿಂದ ಶಾಲೆ ಮುಚ್ಚಿದ್ದ ೨೦೨೦–೨೧ರಲ್ಲಿ ಏಳನೆಯ ತರಗತಿಯಲ್ಲಿದ್ದವರು. ಕ್ಯಾಮೆರಾ ಕತ್ತು ತಿರುಗಿದ್ದನ್ನು ತೋರಿಸುತ್ತದೆ. ಎರಡು ವರ್ಷ ಅಡಿಪಾಯವಿಲ್ಲದೆ ಓದಿದ್ದನ್ನು ತೋರಿಸುವುದಿಲ್ಲ. ಓಬವ್ವನ ಕಿಂಡಿಯಿರುವ ನಾಡು ನಮ್ಮದು. ಕಾವಲಿನ ಬೆಲೆ ನಮಗೆ ಗೊತ್ತು. ಆ ಕಾವಲು ಶತ್ರುವಿಗಾಗಿ ಇತ್ತು, ಮನೆಯ ಮಕ್ಕಳಿಗಾಗಿ ಅಲ್ಲ.

ನಮ್ಮಲ್ಲಿ ೨೦೨೪ರಲ್ಲಿ ಪರದೆಯ ಮುಂದೆ ಕೂತಿದ್ದವರು ಮನುಷ್ಯರು. ಆ ಜಾಗಕ್ಕೂ ಯಂತ್ರವೇ ಬರುವ ದಿನ ದೂರವಿಲ್ಲ. ಕೇಂದ್ರ ಲೋಕಸೇವಾ ಆಯೋಗವು ಮುಖ ಗುರುತಿಸುವ, ಕೃತಕ ಬುದ್ಧಿಮತ್ತೆಯಿಂದ ಕಾಯುವ ಕ್ಯಾಮೆರಾಗಳಿಗಾಗಿ ೨೦೨೪ರಲ್ಲಿಯೇ ಟೆಂಡರ್ ಕರೆಯಿತು. ಆದ್ದರಿಂದ ನಮಗಿಂತ ಮೊದಲು ಈ ದಾರಿ ಹಿಡಿದವರ ಅನುಭವವನ್ನು ಕೇಳುವುದು ಲೇಸು.

ಬ್ರಿಟನ್ನಿನಲ್ಲಿ ೨೦೧೪ರಲ್ಲಿ ಇಂಗ್ಲಿಷ್ ಪರೀಕ್ಷೆಯೊಂದರಲ್ಲಿ ಬದಲಿ ಅಭ್ಯರ್ಥಿಗಳು ಕೂರುತ್ತಿದ್ದುದನ್ನು ಬಿಬಿಸಿ ಬಯಲಿಗೆಳೆಯಿತು. ಮೋಸ ನಡೆದದ್ದು ನಿಜ. ಆಮೇಲೆ ಪರೀಕ್ಷೆ ನಡೆಸಿದ ಸಂಸ್ಥೆ ದನಿ ಗುರುತಿಸುವ ಯಂತ್ರವನ್ನೂ ಕೇಳುಗರನ್ನೂ ಬಳಸಿ, ಸುಮಾರು ೫೮,೦೦೦ ಪರೀಕ್ಷೆಗಳಲ್ಲಿ ಶೇ. ೫೮ ಅಸಿಂಧು, ಶೇ. ೩೯ ಸಂಶಯಾಸ್ಪದ ಎಂದಿತು. ಎಂದರೆ ನೂರಕ್ಕೆ ಮೂವರು ಮಾತ್ರ ಪ್ರಾಮಾಣಿಕರು! ಇದನ್ನು ನಂಬಿ ಸರಕಾರ ಸಾವಿರಾರು ವಿದ್ಯಾರ್ಥಿಗಳ ವೀಸಾ ಕಿತ್ತುಕೊಂಡಿತು. ಅವರಲ್ಲಿ ಭಾರತೀಯರು ಬಹಳ ಮಂದಿ. ೨೦೧೯ರಲ್ಲಿ ಆ ದೇಶದ ಲೆಕ್ಕಪರಿಶೋಧನಾ ಕಚೇರಿಯೇ, ನಿರಪರಾಧಿಗಳು ಸಿಕ್ಕಿಬಿದ್ದಿರಬಹುದೇ ಎಂದು ಸರಕಾರ ಸರಿಯಾಗಿ ವಿಚಾರಿಸಲಿಲ್ಲವೆಂದು ಆಕ್ಷೇಪಿಸಿತು. ಅಷ್ಟರಲ್ಲಿ ಕನಿಷ್ಠ ೧೧,೦೦೦ ಮಂದಿ ದೇಶ ಬಿಟ್ಟಿದ್ದರು. ಮನೆಯವರಿಗೆ ಮುಖ ತೋರಿಸಲಾಗದೆ ಕೊರಗಿದವರೆಷ್ಟು ಮಂದಿಯೋ!

ಅಮೆರಿಕದ ಡಾರ್ಟ್‌ಮತ್ ವೈದ್ಯ ಕಾಲೇಜಿನಲ್ಲಿ ೨೦೨೧ರಲ್ಲಿ ಹದಿನೇಳು ವಿದ್ಯಾರ್ಥಿಗಳ ಮೇಲೆ, ಪರೀಕ್ಷೆಯ ಹೊತ್ತಿನಲ್ಲಿ ಪಾಠದ ಪುಟಗಳನ್ನು ತೆರೆದರೆಂಬ ಆಪಾದನೆ ಬಂತು. ಯಾರೂ ಮುಟ್ಟದಿದ್ದರೂ ಸಾಧನಗಳು ತಾವಾಗಿಯೇ ಅಂಥ ದಾಖಲೆಗಳನ್ನು ಹುಟ್ಟಿಸಬಲ್ಲವೆಂದು ಬಯಲಾಗಿ, ಕಾಲೇಜು ಆಪಾದನೆಗಳನ್ನೆಲ್ಲ ಕೈಬಿಟ್ಟಿತು. ೨೦೨೩ರಲ್ಲಿ ಸ್ಟ್ಯಾನ್‌ಫರ್ಡ್ ವಿದ್ವಾಂಸರು, ಬರಹ ಯಂತ್ರದ್ದೋ ಮನುಷ್ಯನದೋ ಎಂದು ಹೇಳುವ ಏಳು ಯಂತ್ರಗಳನ್ನು ಪರೀಕ್ಷಿಸಿದರು. ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿತವರ ೯೧ ಪ್ರಬಂಧಗಳಲ್ಲಿ, ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ಅವು ಯಂತ್ರಬರಹವೆಂದವು. ಕಾರಣ ಸರಳ: ಕೆಲವೇ ಶಬ್ದಗಳನ್ನು ಬಲ್ಲವನು ಊಹೆಗೆ ನಿಲುಕುವ ಮಾತುಗಳನ್ನೇ ಬರೆಯುತ್ತಾನೆ, ಯಂತ್ರ ಹುಡುಕುವುದೂ ಅದನ್ನೇ. ಪಠ್ಯಪುಸ್ತಕದಿಂದ ಇಂಗ್ಲಿಷ್ ಕಲಿತ ನಮ್ಮ ಹಳ್ಳಿಯ ಮಕ್ಕಳ ಪಾಡೇನಾದೀತು? ೨೦೨೫ರ ಅಕ್ಟೋಬರಿನಲ್ಲಿ ಬಾಲ್ಟಿಮೋರ್ ಬಳಿಯ ಶಾಲೆಯೊಂದರಲ್ಲಿ ಯಂತ್ರವು ಹುಡುಗನ ಕೈಯಲ್ಲಿದ್ದ ಚಿಪ್ಸ್ ಪೊಟ್ಟಣವನ್ನು ಬಂದೂಕೆಂದು ಸಾರಿತು. ಪೋಲೀಸರು ಬಂದು ಅವನಿಗೆ ಕೋಳ ತೊಡಿಸಿದರು.

ಇದು ಅಪರೂಪಕ್ಕೊಮ್ಮೆ ಆಗುವ ಎಡವಟ್ಟೆಂದು ತಳ್ಳಿಹಾಕುವವರು ಒಂದು ಸಣ್ಣ ಲೆಕ್ಕ ಮಾಡಬೇಕು. ನೂರಕ್ಕೆ ತೊಂಬತ್ತೊಂಬತ್ತು ಸಲ ನಿರಪರಾಧಿಯನ್ನು ನಿರಪರಾಧಿಯೆಂದೇ ಗುರುತಿಸುವ ಯಂತ್ರವೊಂದಿದೆಯೆನ್ನೋಣ. ೨೦೨೪ರ ಎಂಟು ಲಕ್ಷ ಅರುವತ್ತು ಸಾವಿರ ಮಕ್ಕಳೆಲ್ಲರೂ ಪ್ರಾಮಾಣಿಕರಾಗಿದ್ದರೂ ಅದು ೮,೬೦೦ ಮಕ್ಕಳತ್ತ ಬೆರಳು ತೋರಿಸುತ್ತಿತ್ತು. ಕೊಠಡಿಯ ಮೇಲ್ವಿಚಾರಕ ತಪ್ಪಿದರೆ ಒಬ್ಬ ಹುಡುಗನಿಗೆ ಅನ್ಯಾಯ. ಯಂತ್ರ ತಪ್ಪಿದರೆ ಒಂದೇ ಬಗೆಯ ಅನ್ಯಾಯ ನಾಡಿಗೆಲ್ಲ. ಮೇಲಾಗಿ, ಮೇಷ್ಟರೊಡನೆ ಹುಡುಗ ವಾದಿಸಬಲ್ಲ, ಅಳಬಲ್ಲ, ಅಪ್ಪನನ್ನು ಕರೆತರಬಲ್ಲ. ಯಂತ್ರದ ಮುಂದೆ ಅವನೂ ಮಾಂಡವ್ಯನೇ. ಮಾತಾಡಿದರೂ ಕೇಳುವ ಕಿವಿ ಅಲ್ಲಿಲ್ಲ.

ಯಂತ್ರವನ್ನು ಕಿತ್ತೆಸೆಯಿರೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಕಷ್ಟಪಟ್ಟು ಓದಿದವನಿಗೆ ನಕಲು ಮಾಡಿದವನಿಂದಲೂ ಅನ್ಯಾಯವಾಗುತ್ತದೆ. ವಿಜ್ಞಾನೇಶ್ವರನ ಗೆರೆಯನ್ನು ದಾಟದಿದ್ದರೆ ಸಾಕು. ಯಂತ್ರ ಹೇಳಿದ್ದು ಸಂಭಾವನೆ, ನಿಶ್ಚಯ ಮನುಷ್ಯನದು. ಆಪಾದನೆ ಬಂದ ಮಗುವಿಗೆ ಅದರ ಆಧಾರವನ್ನು ತೋರಿಸಬೇಕು. ಅದರ ಮಾತನ್ನು ಪೋಷಕರ ಎದುರಿನಲ್ಲಿ ಕೇಳಬೇಕು. ತೀರ್ಮಾನವಾಗುವವರೆಗೆ ಹೆಸರನ್ನು ಗುಟ್ಟಾಗಿಡಬೇಕು. ತೀರ್ಮಾನಕ್ಕೆ ಹೆಸರುಳ್ಳ ಅಧಿಕಾರಿಯೊಬ್ಬ ರುಜು ಹಾಕಬೇಕು. ಈ ನಾಲ್ಕಕ್ಕೆ ಹೆಚ್ಚಿನ ಹಣವೇನೂ ಬೇಡ.

ಶೂಲದಿಂದ ಇಳಿಸಿದ ಮೇಲೆ ಅರಸ ಬೇಡಿದ ಕ್ಷಮೆ ಮಾಂಡವ್ಯನ ಮೈಯೊಳಗಿನ ಮುಳ್ಳನ್ನು ತೆಗೆಯಲಿಲ್ಲ. ಹದಿನೈದು ವರ್ಷದ ಮಗುವಿನ ಮನಸ್ಸಿನಲ್ಲಿ ಮುರಿದುಳಿದ ಮುಳ್ಳನ್ನು ತೆಗೆಯುವುದು ಅದಕ್ಕಿಂತಲೂ ಕಷ್ಟ. ಶೂಲಕ್ಕೇರಿಸುವ ಮೊದಲೇ ವಿಚಾರಿಸುವುದು ಒಳ್ಳೆಯದು.