ಮಿಶ್ರ ಕಲಿಕೆ

ಮಿಶ್ರ ಕಲಿಕೆಯು ಆನ್‌ಲೈನ್ ಪಾಠವನ್ನೂ ತರಗತಿಯಲ್ಲಿ ಅಥವಾ ಕೆಲಸದ ಸ್ಥಳದಲ್ಲಿ ಮುಖಾಮುಖಿಯಾಗಿ ನಡೆಯುವ ಕಲಿಕೆಯನ್ನೂ ಒಂದುಗೂಡಿಸುವ ಶಿಕ್ಷಣ ಕ್ರಮವಾಗಿದೆ. ಪಾಠವು ತತ್ತ್ವ ಮತ್ತು ವಿಧಾನಗಳನ್ನು ತಿಳಿಸುತ್ತದೆ. ಕೆಲಸವು ಪಠ್ಯದಲ್ಲಿಲ್ಲದ ಸಮಸ್ಯೆಗಳನ್ನು ಮುಂದಿಡುತ್ತದೆ. ಮೋಟರಿನ ರಚನೆಯನ್ನು ವಿಡಿಯೊ ನೋಡಿ ಅರಿಯಬಹುದು. ಆದರೆ ಅಡಿಕೆ ತೋಟದ ಪಂಪು ನೀರೆತ್ತದಿದ್ದಾಗ ದೋಷವು ಮೋಟರಿನಲ್ಲಿದೆಯೋ, ಫುಟ್‌ವಾಲ್ವಿನಲ್ಲಿದೆಯೋ, ವೋಲ್ಟೇಜಿನಲ್ಲಿದೆಯೋ ಎಂಬುದನ್ನು ಸ್ಥಳದಲ್ಲಿಯೇ ಪರೀಕ್ಷಿಸಿ ನಿರ್ಣಯಿಸಬೇಕಾಗುತ್ತದೆ. ಅಲ್ಲಿ ಹುಟ್ಟಿದ ಪ್ರಶ್ನೆಯೊಂದಿಗೆ ಕಲಿಯುವವರು ಪಾಠಕ್ಕೆ ಮರಳಿದಾಗ ಸಮಸ್ಯೆಗಳನ್ನು ಸೃಜನಶೀಲವಾಗಿ ಬಿಡಿಸುವ ಸಾಮರ್ಥ್ಯ ಬೆಳೆಯುತ್ತದೆ.

ಕರ್ನಾಟಕದಲ್ಲಿ

ದುಡಿಮೆಯೊಂದಿಗೆ ಬೆಸೆದ ತರಬೇತಿಯು ಆನ್‌ಲೈನ್ ಪಾಠಗಳಿಗಿಂತ ಹಳೆಯದು. ಬೆಳ್ತಂಗಡಿ ತಾಲ್ಲೂಕಿನ ಲಾಯಿಲಕ್ಕೆ ಸಮೀಪದ ಉಜಿರೆಯಲ್ಲಿ 1982ರಲ್ಲಿ ರುಡ್‌ಸೆಟ್ ಸಂಸ್ಥೆ ಆರಂಭವಾಯಿತು. ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಹಾಗೂ ಕೆನರಾ ಬ್ಯಾಂಕ್‌ಗಳು ಇದನ್ನು ಸ್ಥಾಪಿಸಿದವು. ನಿರುದ್ಯೋಗಿ ಯುವಜನರಿಗೆ ಉಚಿತ ವಸತಿಸಹಿತ ತರಬೇತಿ ನೀಡಿ, ಅವರು ಸ್ವಂತ ಉದ್ಯೋಗ ಆರಂಭಿಸುವ ಹಂತದಲ್ಲಿಯೂ ಮಾರ್ಗದರ್ಶನ ಮುಂದುವರಿಸುವುದು ಇದರ ವಿಶೇಷ. ಈ ಮಾದರಿಯನ್ನು ಅನುಸರಿಸಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವು ದೇಶದ ಜಿಲ್ಲೆಗಳಲ್ಲಿ ಆರ್‌ಸೆಟಿ ಕೇಂದ್ರಗಳನ್ನು ರೂಪಿಸಿತು. 2017ರಲ್ಲಿ ಲೋಕಾರ್ಪಣೆಗೊಂಡ ಸ್ವಯಂ ಜಾಲತಾಣವು ಕಾಲೇಜು ಮಟ್ಟದ ಪಾಠಗಳನ್ನು ಉಚಿತವಾಗಿ ಒದಗಿಸುತ್ತದೆ.

ಮಿತಿಗಳು

ಪಾಠವನ್ನೂ ಕೆಲಸವನ್ನೂ ಜೋಡಿಸಿ ತಿದ್ದುವ ಅನುಭವಿ ಮಾರ್ಗದರ್ಶಕರಿಲ್ಲದಿದ್ದರೆ ಅವೆರಡೂ ಬೇರೆ ಬೇರೆಯಾಗಿಯೇ ಉಳಿಯುತ್ತವೆ. ಪ್ರಮಾಣಪತ್ರ ದೊರೆತರೂ ಕೌಶಲ ಕೈಗೂಡುವುದಿಲ್ಲ.